ನನ್ನ ಗಾಡಿಗೆ ಹೊಸ ಹ್ಯಾಂಡಲ್

ಸ್ಟಾರ್ಟರ್ ಬಟನ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಹೆಡ್‌ಲೈಟ್ ಉರಿಯುತ್ತಿದೆ, ನ್ಯೂಟ್ರಲ್‌ನ ಹಸಿರು ದೀಪ ಉರಿಯುತ್ತಿದೆ, ಪೆಟ್ರೋಲ್ ಪಂಪು ಎಂದಿನಂತೆ ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಎಂಜಿನ್ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ.

ಆ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನನ್ನ ಮೋಟಾರ್‌ಸೈಕಲ್ ಲೈಸೆನ್ಸಿನ ಕೊನೆಯ ಪರೀಕ್ಷೆ. ರಸ್ತೆಯ ಮೇಲೆ ಓಡಿಸಿ ತೋರಿಸಬೇಕು, ಅದೂ ನನ್ನದೇ ಗಾಡಿಯಲ್ಲಿ. ಥಿಯರಿ ಪಾಸಾಗಿ ಎರಡು ವರ್ಷ ತುಂಬುವುದರೊಳಗೆ ಇದೂ ಮುಗಿಯಬೇಕು, ಇಲ್ಲದಿದ್ದರೆ ಥಿಯರಿಯಿಂದ ಹಿಡಿದು ಎಲ್ಲವೂ ಮತ್ತೆ ಮೊದಲಿನಿಂದ. ನನ್ನ ಎರಡು ವರ್ಷ ಮುಂದಿನ ವಾರ ತುಂಬುತ್ತಿತ್ತು. ಎಲ್ ಬೋರ್ಡ್ ಅಂಟಿಸಿಕೊಂಡು ಓಡಿಸಲು ಇದ್ದ ಅನುಮತಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಗಿಯುವುದಿತ್ತು. ನಡುವೆ ಲಂಡನ್‌ನ ಯಾವ ಸೆಂಟರಿನಲ್ಲೂ ಇನ್ನೊಂದು ಸ್ಲಾಟ್ ಇರಲಿಲ್ಲ, ನಾನು ಹುಡುಕದ ಸೆಂಟರ್ ಇರಲಿಲ್ಲ.

ಲೈಸೆನ್ಸ್ ನನಗೆ ಶೋಕಿಗೆ ಬೇಕಾದದ್ದಲ್ಲ. ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವವಳು, ನಸುಕಿನ ಶಿಫ್ಟ್. ಆ ಹೊತ್ತಿಗೆ ಎಜ್‌ವೇರ್‌ನಿಂದ ಹೊರಡಬೇಕೆಂದರೆ ಒಂದು ನೈಟ್ ಬಸ್ಸು, ಅದನ್ನು ಇಳಿದು ಇನ್ನೊಂದು ಬಸ್ಸು, ಎರಡರಲ್ಲೂ ಹಿಂದಿನ ಸಂಜೆಯಿಂದ ಕುಡಿದು ಬಂದ ಗಂಡಸರು. ಒಬ್ಬ ನನ್ನ ಹೆಗಲ ಮೇಲೆ ನಿದ್ದೆ ಹೋದ. ಇನ್ನೊಬ್ಬ ನಿದ್ದೆ ಹೋಗಲಿಲ್ಲ. ಅವತ್ತೇ ಗಾಡಿ ಕೊಳ್ಳುವುದೆಂದು ತೀರ್ಮಾನಿಸಿದೆ. ನೂರಿಪ್ಪತ್ತೈದು ಸಿಸಿಯ ಸಣ್ಣ ಬೈಕು, ನನ್ನ ಸಂಬಳದ್ದು.

ಗುರುವಾರ ಸಂಜೆಯವರೆಗೂ ಒಂದೇ ಒತ್ತಿಗೆ ಸ್ಟಾರ್ಟ್ ಆಗುತ್ತಿದ್ದ ಗಾಡಿ ಅದು. ಶುಕ್ರವಾರ ಶೈನಿ ತನ್ನ ಕಾರಿನಲ್ಲಿ ನನ್ನನ್ನು ಕರೆದೊಯ್ದಿದ್ದಳು. ಶೈನಿ ನನ್ನ ಲ್ಯಾಬ್‌ನವಳೇ, ಉಡುಪಿ ಕಡೆಯ ಕೊಂಕಣಿಯವಳು, ವೆಂಬ್ಲಿಯಲ್ಲಿ ಒಬ್ಬಳೇ ಇರುತ್ತಾಳೆ. ನಾನು ಅತ್ತ ಹೋದದ್ದೇ ತಡ, ವರ್ಕ್ ಫ್ರಮ್ ಹೋಮ್ ಎಂದು ಮನೆಯಲ್ಲಿದ್ದ ನನ್ನ ಗಂಡ ಉದಯಶಂಕರ್ ನನ್ನ ಗಾಡಿಯ ಹ್ಯಾಂಡಲ್ ಬಿಚ್ಚಿ, ಆನ್‌ಲೈನಿನಲ್ಲಿ ತರಿಸಿಟ್ಟಿದ್ದ ಎತ್ತರದ ಹ್ಯಾಂಡಲ್ ಕೂರಿಸಿದ್ದ. ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಫೋನಿನ ಚಾರ್ಜರ್ ತೆಗೆದುಕೊಳ್ಳುವಾಗಲೂ ಕೇಳುವ ಮನುಷ್ಯ, ಪರೀಕ್ಷೆಯ ಹಿಂದಿನ ದಿನ ನನ್ನ ಗಾಡಿಗೆ ಸ್ಪ್ಯಾನರ್ ಹಾಕಿದ್ದ.

"ಮಣಿಕಟ್ಟು ನೋವು ಅಂತಿದ್ಯಲ್ಲ ಮೈತ್ರಿ, ಇನ್ಮೇಲೆ ಬಗ್ಗೋದೇ ಬೇಡ. ಆರಾಮಾಗಿ ಕೂತ್ಕೊಂಡು ಓಡ್ಸು," ಎಂದಿದ್ದ ಶುಕ್ರವಾರ ಸಂಜೆ, ಮನೆಯ ಮುಂದಿನ ಇಟ್ಟಿಗೆ ಹಾಸಿನ ಮೇಲೆ ನಿಂತ ಗಾಡಿಯನ್ನು ತೋರಿಸುತ್ತ.

"ನಾಳೆ ಟೆಸ್ಟ್ ಇಟ್ಕೊಂಡು ಇವತ್ತು ಯಾಕೆ ಮುಟ್ಟಿದೆ? ಸ್ಟಾರ್ಟ್ ಮಾಡಿ ನೋಡ್ತೀನಿ ತಡಿ."

"ಬೆಳಗ್ಗೆ ನೋಡಿದ್ರಾಯ್ತು. ಬಿಸಿ ಬಿಸಿ ಅನ್ನ ಸಾರು ಇದೆ, ಬಾ ಮೊದ್ಲು."

ಸುಸ್ತಾಗಿತ್ತು. ಸಿಟ್ಟನ್ನು ಅನ್ನದ ಜೊತೆ ನುಂಗಿ ಮಲಗಿದೆ.

ಈಗ, ಶನಿವಾರ ಬೆಳಗ್ಗೆ, ಅವನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ.

"ಬ್ಯಾಟ್ರಿ ಇರ್ಬೇಕು."

"ಲೈಟ್ ಉರೀತಿದೆ, ಕಾಣಲ್ವಾ?"

"ಹಾಗಾದ್ರೆ ಪ್ಲಗ್."

"ಸ್ಟಾರ್ಟರೇ ತಿರುಗ್ತಿಲ್ಲ ಉದಯ, ಪ್ಲಗ್ ಏನ್ ಮಾಡುತ್ತೆ? ನಿನ್ನೆ ಏನೇನು ಬಿಚ್ಚಿದೆ ಹೇಳು."

"ಹ್ಯಾಂಡಲ್ ಅಷ್ಟೇ."

ಲ್ಯಾಬ್‌ನಲ್ಲಿ ಯಾವುದಾದರೂ ಯಂತ್ರ ನಿಂತರೆ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೊನೆಗೆ ಯಾರು ಏನು ಮುಟ್ಟಿದರು? ಹ್ಯಾಂಡಲ್ ಮುಟ್ಟಿದ್ದರೆ ಹ್ಯಾಂಡಲಿನಿಂದಲೇ ಶುರು ಮಾಡಬೇಕು. ಎಂಜಿನ್ ಆರಿಸುವ ಕೆಂಪು ಸ್ವಿಚ್ಚು ನೋಡಿದೆ, ಸರಿಯಾಗಿತ್ತು. ಹ್ಯಾಂಡಲಿನಿಂದ ಬರುವ ವೈರುಗಳೆಲ್ಲ ಹೆಡ್‌ಲೈಟಿನ ಹಿಂದೆ ಸೇರುತ್ತವೆ. ಸ್ಕ್ರೂಡ್ರೈವರ್ ತರಲು ಒಳಗೆ ಹೊರಟೆ.

"ಅದನ್ನೆಲ್ಲ ಬಿಚ್ಬೇಡ, ಇನ್ನೂ ಹಾಳಾಗುತ್ತೆ," ಎಂದ ಉದಯ. "ಮೂರ್ತಿಗೆ ಫೋನ್ ಮಾಡ್ದೆ, ಬರ್ತಿದಾರೆ."

ನರಸಿಂಹಮೂರ್ತಿ ಉದಯನ ಆಫೀಸಿನವರು, ಮೈಸೂರಿನವರು, ಹಿಂದಿನ ರಸ್ತೆಯಲ್ಲೇ ಮನೆ. ಅವರ ಮನೆಗೆ ಸೆಟ್ ದೋಸೆ ತಿನ್ನಲು ಬಂದಿದ್ದ ಶಮಂತ್ ಎಂಬ ಹುಡುಗನನ್ನೂ ಜೊತೆಗೆ ಕರೆದುಕೊಂಡೇ ಬಂದರು. ಅವನೂ ಅದೇ ಆಫೀಸು. ನಾನು ಸ್ಕ್ರೂಡ್ರೈವರ್ ಹಿಡಿದು ಹೊರಬರುವಷ್ಟರಲ್ಲಿ ಮೂವರೂ ನನ್ನ ಗಾಡಿಯ ಸುತ್ತ ಕೈ ಕಟ್ಟಿಕೊಂಡು ನಿಂತಿದ್ದರು, ಮೀಟಿಂಗ್ ಶುರುವಾಗಿತ್ತು. ನನಗೆ ಜಾಗವಿರಲಿಲ್ಲ.

"ಲಾಸ್ಟ್ ಚೇಂಜ್ ಏನು ಉದಯ್? ಹ್ಯಾಂಡಲ್ಲಾ? ರೋಲ್‌ಬ್ಯಾಕ್ ಮಾಡಿ, ಹಳೇದನ್ನೇ ಹಾಕಿ ನೋಡಬಹುದಲ್ವಾ?" ಎಂದ ಶಮಂತ್. ಅವತ್ತಿಡೀ ಆ ಗುಂಪಿನಲ್ಲಿ ಯಾರಾದರೂ ಆಡಿದ ಒಂದೇ ಬುದ್ಧಿಯ ಮಾತು ಅದು.

"ಇಲ್ಲ ಇಲ್ಲ, ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ," ಎಂದ ಉದಯ, ಮಾತು ಮುಗಿಯುವ ಮೊದಲೇ.

"ಎಷ್ಟು ವರ್ಷದ ಗಾಡಿ? ಸರ್ವಿಸ್ ಯಾವಾಗ ಆಯ್ತು?" ಎಂದು ಮೂರ್ತಿ ಕೇಳಿದರು. ನನ್ನನ್ನಲ್ಲ, ಉದಯನನ್ನು. ಗಾಡಿ ನನ್ನದು, ಸರ್ವಿಸ್ ಮಾಡಿಸಿದವಳು ನಾನು, ಅವರಿಂದ ಮೂರಡಿ ದೂರದಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿರುವವಳೂ ನಾನು. ಉತ್ತರ ಹೇಳಿದೆ. ಅವರು ಉದಯನ ಕಡೆ ನೋಡಿಯೇ ತಲೆಯಾಡಿಸಿದರು.

"ಪೆಟ್ರೋಲ್ ಏರ್ತಿಲ್ಲ, ಇನ್ನೇನಿಲ್ಲ. ವಾಲಿಸ್ಬೇಕು."

ನಮ್ಮೂರುಗಳಲ್ಲಿ ಹಳೇ ಸ್ಕೂಟರ್ ಇದ್ದವರಿಗೆಲ್ಲ ಈ ವಿದ್ಯೆ ಗೊತ್ತು. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಹಿಡಿದು, ಪೆಟ್ರೋಲ್ ಕಾರ್ಬ್ಯುರೇಟರಿಗೆ ಇಳಿದ ಮೇಲೆ ಎತ್ತಿ ಒಂದು ಕಿಕ್ ಕೊಡುವುದು. ನನ್ನ ಅಪ್ಪನೂ ಮಾಡುತ್ತಿದ್ದರು.

"ಇದಕ್ಕೆ ಕಾರ್ಬ್ಯುರೇಟರೇ ಇಲ್ಲ ಮೂರ್ತಿ ಅವ್ರೇ. ಫ್ಯೂಯಲ್ ಇಂಜೆಕ್ಷನ್. ವಾಲಿಸಿದ್ರೆ ಏನೂ ಉಪಯೋಗ ಇಲ್ಲ. ನನಗೆ ಹೆಡ್‌ಲೈಟ್ ಬಿಚ್ಚೋಕೆ ಬಿಡಿ."

"ಯಾವ ಗಾಡಿಯಾದ್ರೂ ಗಾಡೀನೇ ಮೈತ್ರೇಯಿ ಅವ್ರೇ. ನಾನು ಕಾಲೇಜಿಗೆ ಹೋಗ್ತಿದ್ದ ಸ್ಕೂಟರು, ದಿನಾ ಬೆಳಗ್ಗೆ ಇದೇ ಔಷಧಿ."

ಕೀ ಆನ್ ಇದ್ದಂತೆಯೇ ಇಬ್ಬರು ಹಿಡಿದು ಗಾಡಿಯನ್ನು ವಾಲಿಸಿದರು. ಸ್ಕೂಟರ್ ವಾಲಿಸಿದಷ್ಟಲ್ಲ, ಕನ್ನಡಿ ಇಟ್ಟಿಗೆಗೆ ತಾಗುವಷ್ಟು. ಟ್ಯಾಂಕಿನಿಂದ ಪೆಟ್ರೋಲ್ ವಾಸನೆ ಎದ್ದಿತು. ಎದುರು ಮನೆಯ ಮುದುಕ ಬೇಲಿ ಕತ್ತರಿಸುವುದನ್ನು ನಿಲ್ಲಿಸಿ ನೋಡಿದ. ಎತ್ತಿ ನಿಲ್ಲಿಸಿ ಬಟನ್ ಒತ್ತಿದರು. ಏನೂ ಇಲ್ಲ.

"ಹಂಗಾದ್ರೆ ತಳ್ಳೋದೇ," ಎಂದರು ಮೂರ್ತಿ.

ಶಮಂತ್ ಹತ್ತಿ ಕೂತ. ಅವನಾದರೂ "ಅಕ್ಕಾ, ಕೂತ್ಕೊಳ್ಲಾ?" ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ ತಳ್ಳಿದರು. ನಮ್ಮ ರಸ್ತೆ ಕೊನೆಯಲ್ಲಿ ಮುಚ್ಚಿಕೊಂಡಿರುವುದು, ಶನಿವಾರ ಎಲ್ಲರೂ ಮನೆಯಲ್ಲಿರುತ್ತಾರೆ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಮೂವರು ಗಂಡಸರ ಮೆರವಣಿಗೆಯನ್ನು ಇಡೀ ರಸ್ತೆ ನೋಡಿತು. ಗೇರ್ ಹಾಕಿ ಕ್ಲಚ್ ಬಿಟ್ಟಾಗೆಲ್ಲ ಹಿಂದಿನ ಚಕ್ರ ಜಗ್ಗಿತು, ಎಂಜಿನ್ ಕೆಮ್ಮಲೂ ಇಲ್ಲ. ಎಲ್ಲರಿಗಿಂತ ಜೋರಾಗಿ ತಳ್ಳಿದವನು ಉದಯನೇ. ಅವನ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಪಾಪ ಅನ್ನಿಸಿತು ನನಗೆ. ಹೌದು, ನನ್ನ ಗಂಡನ ಬೆವರು ನೋಡಿ ಪಾಪ ಅಂದುಕೊಂಡೆ.

ಮೂರ್ತಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ತೀರ್ಪು ಕೊಟ್ಟರು. "ಇವತ್ತಿಗೆ ಬಿಟ್ಬಿಡಿ ಮೈತ್ರೇಯಿ ಅವ್ರೇ. ಟೆಸ್ಟ್ ಎಲ್ಲಿಗೆ ಹೋಗುತ್ತೆ? ಇನ್ನೊಂದ್ಸಲ ತಗೊಂಡ್ರಾಯ್ತು. ಒಂದ್ ರೌಂಡ್ ಕಾಫಿ ಆಗ್ಲಿ."

"ಕಾಫಿ ನಿಮ್ಮನೇಲಿ ಕುಡೀರಿ," ಎಂದೆ. "ಗಾಡಿ ಬಿಟ್ಟು ಆಚೆ ನಿಲ್ಲಿ. ಬೆಳಗ್ಗಿಂದ ಹೇಳ್ತಿದೀನಿ, ಒಬ್ರಿಗಾದ್ರೂ ಕಿವಿ ಇದ್ಯಾ?"

ಮೂರ್ತಿಯವರ ಮುಖ ಸಣ್ಣದಾಯಿತು. ಉದಯ "ಟೆನ್ಷನ್ನಲ್ಲಿದಾಳೆ, ತಪ್ಪು ತಿಳ್ಕೋಬೇಡಿ" ಎಂದು ಹೊರಟ ಅವರಿಬ್ಬರ ಜೊತೆ ಗೇಟಿನವರೆಗೂ ಹೋಗಿ ನನ್ನ ಪರವಾಗಿ ಕ್ಷಮೆ ಕೇಳಿ ಬಂದ. ಅದೂ ನನ್ನ ಕಿವಿಗೆ ಬಿತ್ತು.

ಕೊನೆಗೂ ಹೆಡ್‌ಲೈಟಿನ ಸ್ಕ್ರೂ ಬಿಚ್ಚಿ ದೀಪವನ್ನು ಮುಂದಕ್ಕೆ ಬಗ್ಗಿಸಿದೆ. ಎಷ್ಟು ಸಿಟ್ಟಿತ್ತೆಂದರೆ ಕೀ ಆಫ್ ಮಾಡಲೂ ನೆನಪಾಗಲಿಲ್ಲ. ಲ್ಯಾಬ್‌ನಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನೇ ಬೈಯುತ್ತಿದ್ದೆ.

ಕ್ಲಚ್ ಲಿವರಿನಿಂದ ಒಂದು ಸಣ್ಣ ವೈರ್ ಬರುತ್ತದೆ. ಸವಾರ ಕ್ಲಚ್ ಹಿಡಿದಿದ್ದಾನೆ ಎಂದು ಗಾಡಿಗೆ ತಿಳಿಸುವುದು ಆ ವೈರ್. ಅದು ತಿಳಿಸದಿದ್ದರೆ ನನ್ನ ಗಾಡಿಯಲ್ಲಿ ಸ್ಟಾರ್ಟರ್ ತಿರುಗುವುದೇ ಇಲ್ಲ. ವೈರನ್ನು ಬೆರಳಲ್ಲಿ ಹಿಡಿದು ಮೇಲಿನಿಂದ ಕೆಳಗೆ ಬಂದೆ. ಹೆಡ್‌ಲೈಟಿನ ಹಿಂದೆ ಅದು ಒಂದು ಕ್ಲಿಪ್ಪಿನಲ್ಲಿ ಸೇರಬೇಕಿತ್ತು, ಸೇರಿರಲಿಲ್ಲ. ಕ್ಲಿಪ್ಪಿನ ಎರಡು ಭಾಗಗಳೂ ಬೇರೆ ಬೇರೆಯಾಗಿದ್ದವು.

ಮರೆತಿದ್ದಾನೆ ಅಂದುಕೊಂಡೆ, ಒಂದು ಕ್ಷಣ. ಆಮೇಲೆ ಸರಿಯಾಗಿ ನೋಡಿದೆ. ಎರಡೂ ತುದಿಗಳಿಗೆ ಕಪ್ಪು ಟೇಪ್ ಸುತ್ತಿತ್ತು, ನೀರು ಹೋಗದ ಹಾಗೆ, ಅಚ್ಚುಕಟ್ಟಾಗಿ. ಎರಡನ್ನೂ ಮಿಕ್ಕ ವೈರುಗಳ ಹಿಂದಕ್ಕೆ ಮಡಚಿ, ಕಾಣದ ಹಾಗೆ ಪ್ಲಾಸ್ಟಿಕ್ ಟ್ಯಾಗ್‌ನಿಂದ ಬಿಗಿದಿತ್ತು. ಟೇಪಿನ ತುದಿಯನ್ನು ಸ್ವಲ್ಪವೇ ಒಳಕ್ಕೆ ಮಡಚಿತ್ತು, ಆಮೇಲೆ ಉಗುರು ಹಾಕಿ ಸುಲಭವಾಗಿ ಬಿಚ್ಚಲು. ನಮ್ಮ ಮನೆಯ ಅಕ್ಕಿ ಪ್ಯಾಕೆಟ್ಟಿನಿಂದ ಹಿಡಿದು ಪಾರ್ಸಲ್ ಡಬ್ಬದವರೆಗೆ ಎಲ್ಲದರ ಮೇಲೂ ಉದಯ ಟೇಪಿನ ತುದಿಯನ್ನು ಹಾಗೆಯೇ ಮಡಚುತ್ತಾನೆ.

"ಉದಯ, ಇಲ್ಲಿ ಬಾ."

ಬಂದ. ಟ್ಯಾಗ್ ಕತ್ತರಿಸಿ ಎರಡು ತುದಿಗಳನ್ನೂ ಅವನ ಮುಖಕ್ಕೆ ಹಿಡಿದೆ.

"ಓ, ಅದು... ಸೇರ್ಸೋಕೆ ಮರ್ತೆ ಅನ್ಸುತ್ತೆ."

"ಮರೆತವನು ಟೇಪ್ ಸುತ್ತಲ್ಲ ಉದಯ."

ಅವನು ಎದುರು ಮನೆಯ ಕಡೆ ನೋಡಿದ, ಮುದುಕ ಇದ್ದಾನಾ ಎಂದು. ಅಂಥ ಹೊತ್ತಿನಲ್ಲೂ ಅವನಿಗೆ ಅದೇ ಚಿಂತೆ.

"ಲೈಸೆನ್ಸ್ ಬಂದ್ರೆ ನೀನು ಎಂ ಒನ್ ಹೈವೇ ಹತ್ತೀಯ," ಎಂದ ತಗ್ಗಿದ ಧ್ವನಿಯಲ್ಲಿ. "ಲಾರಿಗಳ ಮಧ್ಯೆ, ಆ ಸ್ಪೀಡಲ್ಲಿ. ಈಗ್ಲೇ ನೀನು ಹೋಗಿ ಮೆಸೇಜ್ ಹಾಕೋವರ್ಗೂ ನಂಗೆ ಉಸಿರು ನಿಂತಿರುತ್ತೆ. ಇದೊಂದ್ಸಲ ತಪ್ಪಿದ್ರೆ ನಿಂಗೇ ಬೇಜಾರಾಗಿ ಬಿಟ್ಬಿಡ್ತೀಯ ಅಂದ್ಕೊಂಡೆ. ಅಷ್ಟೇ. ಸೋಮವಾರ ನಾನೇ ಸರಿ ಮಾಡ್ತಿದ್ದೆ."

"ಭಯ ಅಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಕೇಳ್ತಿದ್ಯಾ?"

"ಇಲ್ಲ. ಕೇಳ್ತಿರ್ಲಿಲ್ಲ. ಅದಕ್ಕೆ?"

ತಾನೇ ವೈರ್ ಕಿತ್ತಿಟ್ಟು ಬೆಳಗ್ಗಿಂದ ನಾಟಕವಾಡಿದ. ಗೆಳೆಯರನ್ನು ಕರೆಸಿದ. ಅವರ ಜೊತೆ ಬಗ್ಗಿ ಬಗ್ಗಿ ಇಲ್ಲದ ದೋಷ ಹುಡುಕಿದ. ಬೆವರು ಸುರಿಸಿ ತಳ್ಳಿದ. ಸುಳ್ಳಿಗೂ ಅಷ್ಟು ಬೆವರು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಟೇಪ್ ಕಿತ್ತು ಕ್ಲಿಪ್ ಸೇರಿಸಿದೆ. ಟಕ್ ಎಂದು ಕೂತಿತು. ಬಟನ್ ಒತ್ತಿದೆ. ಸ್ಟಾರ್ಟರ್ ತಿರುಗಿತು, ಜೋರಾಗಿ ತಿರುಗಿತು, ಆದರೆ ಎಂಜಿನ್ ಹಿಡಿದುಕೊಳ್ಳಲಿಲ್ಲ.

"ಇನ್ನೇನ್ ತೆಗೆದಿದೀಯ?"

"ಅದೊಂದೇ, ದೇವರಾಣೆ."

"ದೇವರನ್ನ ಬಿಡು. ಇನ್ನೇನ್ ತೆಗೆದಿದೀಯ ಹೇಳು!"

"ಇಲ್ಲ ಮೈತ್ರಿ, ನಿಜವಾಗ್ಲೂ. ನಿನ್ನಾಣೆ."

ನಾನು ನಂಬಲಿಲ್ಲ. ಪ್ರತಿ ಕ್ಲಿಪ್ಪನ್ನೂ ಜಗ್ಗಿ ನೋಡಿದೆ, ಪ್ರತಿ ಫ್ಯೂಸನ್ನೂ ತೆಗೆದು ನೋಡಿದೆ. ಎಲ್ಲ ಸರಿಯಾಗಿತ್ತು. ಇಟ್ಟಿಗೆಯ ಮೇಲೆ ಪೆಟ್ರೋಲಿನ ಕಲೆ ಕಂಡಾಗ ಹೊಳೆಯಿತು. ಗಾಡಿ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲಿ ಎಂದು ಇದರೊಳಗೆ ಒಂದು ಸೆನ್ಸರ್ ಇದೆ. ಅಷ್ಟು ವಾಲಿಸಿದಾಗ ಗಾಡಿ ತಾನು ಬಿದ್ದೆ ಎಂದೇ ತಿಳಿದುಕೊಂಡಿದೆ. ಕೀ ಒಮ್ಮೆ ಆಫ್ ಮಾಡುವವರೆಗೂ ಅದು ಹಾಗೆಯೇ ತಿಳಿದುಕೊಂಡಿರುತ್ತದೆ, ಬೆಳಗಿನಿಂದ ಯಾರೂ ಕೀ ಆಫ್ ಮಾಡಿಲ್ಲ. ಮೂರ್ತಿಯವರು ಆ ಕಾಲೇಜು ಸ್ಕೂಟರಿನ ಔಷಧಿ ಕುಡಿಸದೆ ಸುಮ್ಮನೆ ತಳ್ಳಿದ್ದರೆ, ಕ್ಲಚ್ ವೈರ್ ಇಲ್ಲದೆಯೂ ಗಾಡಿ ರಸ್ತೆಯ ಮಧ್ಯದಲ್ಲೇ ಸ್ಟಾರ್ಟ್ ಆಗಿಬಿಡುತ್ತಿತ್ತು. ನನ್ನ ಗಂಡನ ಕೆಲಸವನ್ನು ಅವನ ಗೆಳೆಯರು ಗೊತ್ತಿಲ್ಲದೆಯೇ ಪೂರ್ತಿ ಮಾಡಿಕೊಟ್ಟಿದ್ದರು.

ಕೀ ಆಫ್ ಮಾಡಿದೆ. ಆನ್ ಮಾಡಿದೆ. ಒಂದೇ ಒತ್ತಿಗೆ ಸ್ಟಾರ್ಟ್ ಆಯಿತು.

ಇನ್ನೂ ಹೊತ್ತಿತ್ತು. ತಕ್ಷಣ ಹೊರಟರೆ ಸೆಂಟರ್ ಮುಟ್ಟಬಹುದಿತ್ತು. ಹೆಡ್‌ಲೈಟ್ ಮುಚ್ಚಿ, ಹೆಲ್ಮೆಟ್ ಹಾಕಿ, ಹತ್ತಿ ಕೂತೆ. ಬಲಗೈ ಮುಂದಿನ ಬ್ರೇಕಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಹಳೆಯ ಹ್ಯಾಂಡಲ್ ತೆಗೆಯಬೇಕಾದರೆ ಬ್ರೇಕನ್ನೂ ಬಿಚ್ಚಿರಲೇಬೇಕು.

"ಬ್ರೇಕ್?" ಎಂದೆ.

"ಬಿಚ್ಚಿ ವಾಪಸ್ ಹಾಕಿದೀನಿ. ಸರಿಯಾಗೇ ಹಾಕಿದೀನಿ. ಮೈತ್ರಿ, ನಿನ್ನ ಬ್ರೇಕಲ್ಲಿ ನಾನು ಆಟ ಆಡ್ತೀನಾ?"

ಆಡುವುದಿಲ್ಲ. ಅದು ನನಗೆ ಗೊತ್ತಿತ್ತು. ಹದಿನೆಂಟು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಅಷ್ಟು ಗೊತ್ತಿರುವುದಿಲ್ಲವೇ? ಆದರೆ ಅರ್ಧ ಗಂಟೆಯ ಹಿಂದೆ ಅವನ ಬೆವರು ನೋಡಿ ಪಾಪ ಅಂದುಕೊಂಡವಳೂ ನಾನೇ. ಎಂಜಿನ್ ಓಡುತ್ತಿತ್ತು, ರಸ್ತೆ ಖಾಲಿ ಇತ್ತು, ನನ್ನ ಕೈ ಕ್ಲಚ್ ಬಿಡಲಿಲ್ಲ. ಇಳಿದೆ. ಎಂಜಿನ್ ಆರಿಸಿದೆ.

ಅವನು ಕೂರಿಸಿದ ಒಂದೊಂದು ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿದೆ. ಬ್ರೇಕಿನ ಪೈಪನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿ ನೋಡಿದೆ. ಹ್ಯಾಂಡಲನ್ನು ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ ಎಲ್ಲಾದರೂ ಎಳೆಯುತ್ತದೆಯೇ ಎಂದು ನೋಡಿದೆ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ವಾಪಸ್ ಬರುತ್ತದೆಯೇ, ಗಾಡಿ ತಳ್ಳಿ ಬ್ರೇಕ್ ಹಿಡಿದರೆ ನಿಲ್ಲುತ್ತದೆಯೇ, ಮತ್ತೆ, ಇನ್ನೊಮ್ಮೆ. ಉದಯ ಪಕ್ಕದಲ್ಲೇ ನಿಂತು "ಸರಿ ಇದೆ, ಅದೂ ಸರಿ ಇದೆ" ಅನ್ನುತ್ತಿದ್ದ. ಅವನು ಸರಿ ಇದೆ ಎಂದದ್ದನ್ನೆಲ್ಲ ನಾನು ಎರಡು ಸಲ ನೋಡಿದೆ.

"ಲೇಟಾಯ್ತು ಮೈತ್ರಿ," ಎಂದ ಕೊನೆಗೆ. "ಇನ್ನು ಹೋದ್ರೂ ಒಳಗೆ ಬಿಡಲ್ಲ. ಬಾ, ಊಟ ಮಾಡೋಣ."

ಮಾತು ಮೆತ್ತಗಿತ್ತು. ಅದರಲ್ಲಿ ಪಶ್ಚಾತ್ತಾಪವೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ನಿರಾಳ ಇತ್ತು. ಅವನು ಬಯಸಿದ್ದು ಅವನಿಗೆ ಸಿಕ್ಕಿತ್ತು.

"ಮೂರ್ತಿಗೆ ಫೋನ್ ಮಾಡು. ಸ್ಪೀಕರ್ ಹಾಕು. ನೀನು ಮಾಡಿದ್ದನ್ನ ನೀನೇ ಹೇಳು."

"ಈಗ ಅವ್ರಿಗೆ ಯಾಕೆ..."

"ನಿನ್ನ ಸುಳ್ಳಿಗೆ ಅವರು ಗಾಡಿ ತಳ್ಳಿದಾರೆ. ನಾನು ಅವರ ಮೇಲೆ ಕೂಗಾಡಿದೀನಿ. ಮಾಡು."

ಮಾಡಿದ. ಹೇಳಿದ. ತೊದಲಿದ, ಆದರೆ ಹೇಳಿದ. ಆ ಕಡೆ ಮೂರ್ತಿ ಗಹಗಹಿಸಿ ನಕ್ಕರು.

"ಅಯ್ಯೋ ಪುಣ್ಯಾತ್ಮ! ಮೊದ್ಲೇ ಕಿವಿಗೆ ಹಾಕಿದ್ರೆ ನಾವು ಯಾಕ್ರೀ ತಳ್ತಿದ್ವಿ, ನನ್ನ ಸೊಂಟ ಬಿದ್ದೋಯ್ತು! ಹೋಗ್ಲಿ ಬಿಡಿ, ಒಂದ್ ರೀತೀಲಿ ಒಳ್ಳೇದೇ ಮಾಡಿದ್ರಿ. ನಮ್ಮನೆಯವಳೂ ಕೇಳ್ತಿದಾಳೆ ಗಾಡಿ ಬೇಕು ಅಂತ, ಯಾವ ವೈರು ಅಂತ ನಂಗೂ ಹೇಳ್ಕೊಡಿ. ಮೇಡಂ ತಣ್ಣಗಾದ್ರಾ?"

ನಾನು ಉದಯನ ಮುಖವನ್ನೇ ನೋಡುತ್ತಿದ್ದೆ. ಅವನು ನಕ್ಕ. ದೊಡ್ಡ ನಗುವಲ್ಲ, ತುಟಿಯ ಒಂದು ಕೊನೆಯಲ್ಲಿ, ಬೈಸಿಕೊಳ್ಳುತ್ತೇನೆ ಅಂದುಕೊಂಡ ಹುಡುಗನಿಗೆ ಮೇಷ್ಟ್ರು ಬೆನ್ನು ತಟ್ಟಿದಾಗ ಬರುವಂಥದ್ದು. ನಾನು ನೋಡುತ್ತಿದ್ದೇನೆ ಎಂದು ತಿಳಿದೊಡನೆ ಅಳಿಸಿಕೊಂಡ.

ಒಳಗೆ ಹೋಗಿ ಬ್ಯಾಗಿಗೆ ಲ್ಯಾಬ್‌ನ ಯೂನಿಫಾರ್ಮು, ಒಂದಿಷ್ಟು ಬಟ್ಟೆ, ಹಲ್ಲುಜ್ಜುವ ಬ್ರಷ್ಷು ತುಂಬಿ ಬೆನ್ನಿಗೆ ಹಾಕಿಕೊಂಡೆ. ಅವನು ಗಾಡಿಯ ಮುಂದೆ ಬಂದು ನಿಂತ.

"ಎಲ್ಲಿಗೆ? ಮೈತ್ರಿ, ಸಿಟ್ಟಲ್ಲಿ ಗಾಡಿ ಓಡಿಸ್ಬೇಡ. ಕ್ಯಾಬ್ ಬುಕ್ ಮಾಡ್ಲಾ?"

"ಪಕ್ಕಕ್ಕೆ ನಿಲ್ಲು."

ನಿಂತ.

ವೆಂಬ್ಲಿಯವರೆಗೂ ನಿಧಾನವಾಗಿಯೇ ಹೋದೆ. ಆ ಹ್ಯಾಂಡಲ್ ನನ್ನ ತೋಳಿಗೆ ಎತ್ತರ, ತಿರುವಿನಲ್ಲಿ ಹೆಗಲು ಎಳೆಯುತ್ತಿತ್ತು. ಪ್ರತಿ ಸಿಗ್ನಲ್ಲಿನಲ್ಲೂ ಬೇಕಾದದ್ದಕ್ಕಿಂತ ಬಹಳ ಮೊದಲೇ ಬ್ರೇಕ್ ಹಿಡಿದೆ. ಬ್ರೇಕ್ ಚೆನ್ನಾಗಿಯೇ ಇತ್ತು. ಒಂದು ಸಲವೂ ಜಾರಲಿಲ್ಲ, ಒಂದು ಸಲವೂ ಸಡಿಲ ಅನ್ನಿಸಲಿಲ್ಲ. ಉದಯ ಹೇಳಿದ್ದು ನಿಜವೇ ಆಗಿತ್ತು. ಆ ನಿಜವನ್ನು ನಂಬಿ ಹೊರಟಿದ್ದರೆ ಆ ಹೊತ್ತಿಗೆ ನಾನು ಪರೀಕ್ಷೆ ಮುಗಿಸಿರುತ್ತಿದ್ದೆ. ಅದಕ್ಕೇ ಅಳು ಬಂತು. ಹೆಲ್ಮೆಟ್ಟಿನೊಳಗೆ ಮೂಗು ಒರೆಸಿಕೊಳ್ಳಲೂ ಆಗುವುದಿಲ್ಲ.

ಶೈನಿ ಬಾಗಿಲು ತೆರೆದವಳೇ ಮುಖವರಳಿಸಿದಳು. "ಎಂತ ಮಾರಾಯ್ತಿ, ಪಾಸಾ?"

"ಹೋಗ್ಲೇ ಇಲ್ಲ. ಶೈನಿ, ನಿನ್ನ ಗ್ಯಾರೇಜಲ್ಲಿ ಗಾಡಿ ಇಡ್ಬಹುದಾ?"

ಅವಳು ನನ್ನ ಬೆನ್ನಿನ ಬ್ಯಾಗು ನೋಡಿದಳು.

"ಗಾಡಿ ಮಾತ್ರವಾ, ಅಲ್ಲ ನೀನೂ ಉಂಟಾ?"

"ನಾನೂ," ಎಂದೆ.